ಮಾದರಿ ವಿಮಾನಕ್ಕೆ ಇಂಧನದ ಡಬ್ಬಿ ಮತ್ತು ಕೈಪಂಪು

1981ರ ಮೇ ತಿಂಗಳಿನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಐನೂರು ಮೈಲಿಗಳ ಪ್ರಸಿದ್ಧ ಮೋಟಾರು ಪಂದ್ಯ ನಡೆಯುತ್ತಿತ್ತು. ರಿಕ್ ಮಿಯರ್ಸ್ ಎಂಬ ಚಾಲಕರು ಪಂದ್ಯದ ನಡುವೆ ಇಂಧನ ತುಂಬಿಸಿಕೊಳ್ಳುವುದಕ್ಕಾಗಿ ತಮ್ಮ ಕಾರನ್ನು ನಿಲ್ಲಿಸಿದರು. ಇಂಧನದ ಕೊಳವೆಯು ಕಾರಿನ ತೊಟ್ಟಿಯ ಬಾಯಿಗೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ದ್ರವ ಹೊರಕ್ಕೆ ಚಿಮ್ಮಿತು. ಕಾದ ಎಂಜಿನ್ನಿಗೆ ತಾಗಿ ಹೊತ್ತಿಕೊಂಡಿತು. ಆದರೆ ಬೆಂಕಿ ಮಾತ್ರ ಕಣ್ಣಿಗೆ ಬೀಳಲಿಲ್ಲ. ಚಾಲಕರೂ ಅವರ ಸಹಾಯಕರೂ ಬರಿಯ ಗಾಳಿಯಲ್ಲಿ ಮೈ ಬಡಿದುಕೊಳ್ಳುತ್ತಿರುವಂತೆ ನೋಡುವವರಿಗೆ ತೋರಿತು. ಹಗಲಿನ ಬೆಳಕಿನಲ್ಲಿ ಆ ಜ್ವಾಲೆಗೆ ಬಣ್ಣವೇ ಇರಲಿಲ್ಲ. ಮಿಯರ್ಸರ ಮುಖ ಸುಟ್ಟಿತು. ಅವರು ಗುಣಹೊಂದಿ 1984, 1988 ಮತ್ತು 1991ರಲ್ಲಿ ಅದೇ ಪಂದ್ಯವನ್ನು ಗೆದ್ದರೆಂಬುದು ಸಂತೋಷದ ಸಂಗತಿ. ನಮಗೆ ಅದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಅವಘಡದ ಬಳಿಕ ಇಂಧನದ ಕೊಳವೆಯ ತುದಿಯನ್ನೇ ಬದಲಾಯಿಸಿದರು. ಕಾರಿಗೆ ಕೂಡಿಕೊಂಡ ಹೊರತು ತೆರೆಯದಿರುವ ಕವಾಟವನ್ನು ಅದಕ್ಕೆ ಅಳವಡಿಸಿದರು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ಸಾರಾಯಿಯಲ್ಲಿ ಬೆರೆತಿದ್ದ ವಿಷವೂ, ಇಂಡಿಯಾನಾಪೊಲಿಸಿನಲ್ಲಿ ಕಾಣದಂತೆ ಉರಿದ ದ್ರವವೂ ಒಂದೇ. ಅದರ ಹೆಸರು ಮೆಥನಾಲ್, ಎಂದರೆ ಮೀಥೈಲ್ ಆಲ್ಕೊಹಾಲ್.

ಮಾದರಿ ವಿಮಾನಗಳ ವಿಷಯವನ್ನು ಹೇಳಹೊರಟು ಇಂಥ ಘಟನೆಗಳನ್ನು ನೆನೆಯುವುದೇಕೆ ಎಂದು ವಾಚಕರು ಕೇಳಬಹುದು. ಶಾಲಾಕಾಲೇಜುಗಳಲ್ಲಿ, ಮುಖ್ಯವಾಗಿ ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ, ಮಾದರಿ ವಿಮಾನಗಳನ್ನು ಕಟ್ಟಿ ಹಾರಿಸುವ ವಿದ್ಯಾರ್ಥಿಗಳಿದ್ದಾರೆ. ಅಂತಹ ವಿಮಾನದ ಮೂಗಿನಲ್ಲಿ ಕುಳಿತು ಗುಂಯ್‌ಗುಡುವ ಪುಟ್ಟ ಎಂಜಿನ್ನಿನ ಆಹಾರವೂ ಬಹುಪಾಲು ಮೆಥನಾಲೇ. ಅದನ್ನು ಮೈದಾನಕ್ಕೆ ಒಯ್ಯುವ ಡಬ್ಬಿಯನ್ನೂ ವಿಮಾನಕ್ಕೆ ತುಂಬುವ ಪಂಪನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಖರ್ಚು ಹೆಚ್ಚಿಲ್ಲ, ಕೆಲಸವೂ ಕಷ್ಟದ್ದಲ್ಲ. ಆದರೆ ಡಬ್ಬಿಯ ಒಂದೊಂದು ಅಂಗವೂ ಏಕೆ ಹಾಗಿರಬೇಕು ಎಂಬುದನ್ನು ತಿಳಿಯದೆ ಕೆಲಸಕ್ಕೆ ಕೈಹಾಕಬಾರದು. ದ್ರವದ ಸ್ವಭಾವವನ್ನು ಮೊದಲು ಅರಿತರೆ ಪಾತ್ರೆಯ ರೂಪ ತಾನಾಗಿಯೇ ಹೊಳೆಯುತ್ತದೆ.

ಪುಟ್ಟ ಎಂಜಿನ್ನಿನ ಆಹಾರ

ಮಾದರಿ ವಿಮಾನಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಏರ್ಪಾಡು ಇರುವುದಿಲ್ಲ. ಸಿಲಿಂಡರಿನ ತಲೆಯಲ್ಲಿ ಪ್ಲಾಟಿನಮ್ ಬೆರೆತ ಸಣ್ಣದೊಂದು ತಂತಿಯ ಸುರುಳಿ ಇರುತ್ತದೆ. ಇದಕ್ಕೆ ಗ್ಲೋ ಪ್ಲಗ್ ಎಂದು ಹೆಸರು. ಪ್ರಾರಂಭದಲ್ಲಿ ಒಂದೂವರೆ ವೋಲ್ಟಿನ ವಿದ್ಯುತ್ಕೋಶವನ್ನು ಇದಕ್ಕೆ ಜೋಡಿಸಿ ತಂತಿಯನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನ್ ಓಡತೊಡಗಿದ ಮೇಲೆ ವಿದ್ಯುತ್ಕೋಶವನ್ನು ತೆಗೆದುಬಿಟ್ಟರೂ ತಂತಿ ಆರುವುದಿಲ್ಲ. ಒಂದು ಕಾರಣ, ಪ್ರತಿಯೊಂದು ದಹನದಿಂದಲೂ ಅದಕ್ಕೆ ಶಾಖ ದೊರೆಯುತ್ತದೆ. ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯವಾದುದು. ಪ್ಲಾಟಿನಮ್ಮಿನ ಮೈಮೇಲೆ ಮೆಥನಾಲಿನ ಆವಿಯೂ ಆಮ್ಲಜನಕವೂ ಸುಲಭವಾಗಿ ಕೂಡುತ್ತವೆ. ಪ್ಲಾಟಿನಮ್ ಮಾತ್ರ ವ್ಯಯವಾಗುವುದಿಲ್ಲ. ಇದು ಕ್ರಿಯಾವರ್ಧಕದ ಕೆಲಸ. ದಹ್ಯ ಅನಿಲ ಮತ್ತು ಗಾಳಿಗಳ ಮಿಶ್ರಣದಲ್ಲಿ ಬಿಸಿ ಪ್ಲಾಟಿನಮ್ ತಂತಿ ಜ್ವಾಲೆಯಿಲ್ಲದೆಯೇ ಹೊಳೆಯುತ್ತಿರುವುದೆಂಬುದನ್ನು ಸರ್ ಹಂಫ್ರಿ ಡೇವಿಯವರು 1817ರಲ್ಲಿಯೇ ಕಂಡಿದ್ದರು. ಆ ಗುಣವನ್ನು ಬಳಸಿಕೊಂಡ ಗ್ಲೋ ಪ್ಲಗ್ಗನ್ನು ಅಮೆರಿಕದ ರೇ ಆರ್ಡನ್ನರು 1947ರಲ್ಲಿ ಮಾರುಕಟ್ಟೆಗೆ ತಂದಮೇಲೆ ಮಾದರಿ ಎಂಜಿನ್ನು ಬಹಳ ಹಗುರವಾಯಿತು. ಕಿಡಿಯ ಸುರುಳಿ, ಅದರ ತಂತಿಗಳು ಮೊದಲಾದ ಹೊರೆಯನ್ನು ವಿಮಾನ ಹೊರಬೇಕಾಗಿಲ್ಲ.

ಈ ಎಂಜಿನ್ನಿನ ಇಂಧನದಲ್ಲಿ ಮೆಥನಾಲಿನ ಜೊತೆಗೆ ಜಾರೆಣ್ಣೆಯೂ ಬೆರೆತಿರಬೇಕು, ಏಕೆಂದರೆ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಅಂತಾರಾಷ್ಟ್ರೀಯ ಸ್ಪರ್ಧೆಗಳ ಕೆಲವು ವಿಭಾಗಗಳಲ್ಲಿ ನೂರಕ್ಕೆ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ ಎಂಬ ಸರಳ ಮಿಶ್ರಣವೇ ನಿಯಮ. ಸಾಮಾನ್ಯ ಬಳಕೆಯ ಇಂಧನಗಳಲ್ಲಿ ಶಕ್ತಿಯನ್ನು ಹೆಚ್ಚಿಸಲು ಸ್ವಲ್ಪ ನೈಟ್ರೊಮೀಥೇನನ್ನೂ ಸೇರಿಸುವುದುಂಟು. ನಮ್ಮ ಹಳ್ಳಿಗಳಲ್ಲಿ ತಲೆಗೆ ಹಚ್ಚುವ ಹರಳೆಣ್ಣೆಗೆ ಇಲ್ಲಿ ಮನ್ನಣೆ ದೊರೆತುದಕ್ಕೆ ರಾಸಾಯನಿಕ ಕಾರಣವಿದೆ. ಅದರಲ್ಲಿನ ರಿಸಿನೋಲಿಯಿಕ್ ಆಮ್ಲದ ಅಣುವಿಗೆ ಆಲ್ಕೊಹಾಲುಗಳಲ್ಲಿರುವಂತೆಯೇ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿದೆ. ಆದುದರಿಂದ ಬೇರೆ ಅಡುಗೆ ಎಣ್ಣೆಗಳು ಮೆಥನಾಲಿನೊಡನೆ ಬೆರೆಯದೆ ಬೇರೆಯಾಗಿ ನಿಂತರೂ ಹರಳೆಣ್ಣೆ ಅದರಲ್ಲಿ ಚೆನ್ನಾಗಿ ಕರಗುತ್ತದೆ.

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಮೆಥನಾಲಿಗೆ ಸುಮಾರು 6.4 ಕಿಲೋಗ್ರಾಂ ಸಾಕು. ಎಂದರೆ, ಒಂದೇ ಪ್ರಮಾಣದ ಗಾಳಿಯನ್ನು ಸೇದುವ ಎಂಜಿನ್ನು ಪೆಟ್ರೋಲಿನ ಎರಡರಷ್ಟಕ್ಕೂ ಮೀರಿ ಮೆಥನಾಲನ್ನು ಕುಡಿಯುತ್ತದೆ. ಹಾರಾಟ ಕೆಲವೇ ನಿಮಿಷಗಳದು; ಒಂದು ಬೆಳಗಿನಲ್ಲಿ ಎಂಟು ಹತ್ತು ಬಾರಿ ತೊಟ್ಟಿ ತುಂಬಬೇಕಾಗುತ್ತದೆ. ಅಷ್ಟು ಬಾರಿಯೂ ಒಂದು ತೊಟ್ಟು ಚೆಲ್ಲದಂತೆ ತುಂಬುವುದೇ ನಮ್ಮ ಸಮಸ್ಯೆ.

ದ್ರವದ ನಾಲ್ಕು ಸ್ವಭಾವಗಳು

ಮೊದಲನೆಯದು, ಕಾಣದ ಬೆಂಕಿ. ದೀಪದ ಜ್ವಾಲೆ ಹಳದಿಯಾಗಿ ಕಾಣುವುದು ಅದರಲ್ಲಿ ಕಾದು ಹೊಳೆಯುವ ಇಂಗಾಲದ ಕಣಗಳಿಂದ. ಮೆಥನಾಲಿನ ಅಣುವಿನಲ್ಲಿ ಇಂಗಾಲದ ಪರಮಾಣು ಒಂದೇ. ಜೊತೆಗೆ ಆಮ್ಲಜನಕವೂ ಇದೆ. ಆದುದರಿಂದ ಮಸಿ ಹುಟ್ಟುವುದಿಲ್ಲ, ಮಸಿಯಿಲ್ಲದ ಜ್ವಾಲೆ ಬಿಸಿಲಿನಲ್ಲಿ ಕಾಣುವುದಿಲ್ಲ. ಎಣ್ಣೆ ಬೆರೆತಾಗ ಸ್ವಲ್ಪ ಹಳದಿ ತೋರಬಹುದಾದರೂ ಅದನ್ನು ನಂಬಿಕೊಳ್ಳಬಾರದು. ಮೆಥನಾಲಿನ ಆವಿ 11 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿಗೆ ಹೊತ್ತಿಕೊಳ್ಳಬಲ್ಲುದು. ಎಂದರೆ, ನಮ್ಮ ಮೈದಾನಗಳಲ್ಲಿ ಹಗಲು ಹೊತ್ತಿನಲ್ಲಿ ಅದು ಸದಾ ಸಿದ್ಧವಾಗಿಯೇ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ 6ರಿಂದ 36 ಪಾಲಿನವರೆಗೆ ಆವಿ ಬೆರೆತಿದ್ದರೆ ಆ ಮಿಶ್ರಣ ಉರಿಯುತ್ತದೆ. ಸಾಧಾರಣ ಉಷ್ಣತೆಯಲ್ಲಿ ಮುಚ್ಚಿದ ಡಬ್ಬಿಯೊಳಗೆ ದ್ರವದ ಮೇಲಿರುವ ಗಾಳಿ ಈ ಮಿತಿಗಳ ನಡುವೆಯೇ ಇರುವುದು. ಪೆಟ್ರೋಲಿನ ಡಬ್ಬಿಯಲ್ಲಿ ಆವಿ ಅತಿಯಾಗಿ, ಒಳಗೆ ಉರಿಯಲು ಗಾಳಿ ಸಾಲದು. ಮೆಥನಾಲಿನ ಅರೆಖಾಲಿ ಡಬ್ಬಿಗೆ ಆ ರಕ್ಷಣೆಯೂ ಇಲ್ಲ.

ಎರಡನೆಯದು, ವಿಷ. ಹೊಟ್ಟೆಗೆ ಸೇರಿದ ಮೆಥನಾಲನ್ನು ಯಕೃತ್ತು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಅನಂತರ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಈ ಆಮ್ಲ ಕಣ್ಣಿನ ನರವನ್ನು ಕೆಡಿಸುತ್ತದೆ. ಹತ್ತು ಮಿಲಿಲೀಟರಿನಷ್ಟು ಅಲ್ಪ ಪ್ರಮಾಣವೂ ದೃಷ್ಟಿಯನ್ನು ಕಳೆಯಬಲ್ಲುದು. ಚರ್ಮದ ಮೂಲಕವೂ, ಉಸಿರಿನೊಡನೆಯೂ ಅದು ಒಳಸೇರುತ್ತದೆ. ಸ್ಕೂಟರಿನ ತೊಟ್ಟಿಯಿಂದ ನಳಿಕೆಯಲ್ಲಿ ಬಾಯಿಯಿಂದ ಎಳೆದು ಪೆಟ್ರೋಲು ತೆಗೆಯುವುದನ್ನು ಕೆಲವರು ನೋಡಿರಬಹುದು. ಅದೂ ಅಪಾಯಕರವೇ, ಆದರೆ ಮೆಥನಾಲಿನ ವಿಷಯದಲ್ಲಿ ಅದೊಂದು ಗುಟುಕು ಕಣ್ಣಿನ ಬೆಲೆಯದಾಗಬಹುದು. ಪಂಪು ನಮಗೆ ಬೇಕಾಗಿರುವುದು ಅನುಕೂಲಕ್ಕಾಗಿ ಮಾತ್ರವಲ್ಲ.

ಮೂರನೆಯದು, ನೀರಿನ ದಾಹ. ಮಳೆಗಾಲದಲ್ಲಿ ಉಪ್ಪು ನೀರೂರುವಂತೆ ಮೆಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪೆಟ್ರೋಲಿಗೆ ನೀರು ಸೇರಿದರೆ ಅದು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಬಸಿದು ತೆಗೆಯಬಹುದು. ಮೆಥನಾಲಿನಲ್ಲಿ ಸೇರಿದ ನೀರು ಪೂರ್ತಿಯಾಗಿ ಬೆರೆತುಹೋಗುತ್ತದೆ. ಸೋಸಿ ಬೇರ್ಪಡಿಸುವ ಉಪಾಯವಿಲ್ಲ. ಇಂಧನ ನೋಡಲು ಮೊದಲಿನಂತೆಯೇ ಇರುತ್ತದೆ, ಎಂಜಿನ್ನು ಮಾತ್ರ ಹೊತ್ತಿಕೊಳ್ಳಲು ಹಠ ಮಾಡುತ್ತದೆ. ಒಳಗಿನ ಉಕ್ಕಿನ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಆದುದರಿಂದ ನೀರು ಸೇರದಂತೆ ನೋಡಿಕೊಳ್ಳುವುದೊಂದೇ ದಾರಿ.

ನಾಲ್ಕನೆಯದು, ಕೆಲವು ವಸ್ತುಗಳೊಡನೆ ಅದಕ್ಕಿರುವ ವೈರ. ಅಲ್ಯೂಮಿನಿಯಮ್, ಸತುವು, ಸೀಸ ಇವುಗಳನ್ನು ಅದು ನಿಧಾನವಾಗಿ ತಿನ್ನುತ್ತದೆ. ಹಿತ್ತಾಳೆ, ತವರ ಲೇಪಿಸಿದ ಉಕ್ಕು, ಅಧಿಕ ಸಾಂದ್ರತೆಯ ಪಾಲಿಎಥಿಲೀನ್, ಸಿಲಿಕೋನ್ ನಳಿಕೆ ಇವು ಅದರ ಸಹವಾಸವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ.

ಮುಚ್ಚಿದ ಸುತ್ತು

ಈ ನಾಲ್ಕು ಸ್ವಭಾವಗಳಿಗೂ ಒಂದೇ ಉತ್ತರವಿದೆ: ಇಂಧನವು ಎಲ್ಲಿಯೂ ಹೊರಗಿನ ಗಾಳಿಯನ್ನು ಕಾಣಬಾರದು. ಇದನ್ನು ಸಾಧಿಸುವ ಉಪಾಯ ಬಹು ಸರಳ. ಡಬ್ಬಿಯ ಮುಚ್ಚಳದಲ್ಲಿ ಎರಡು ನಳಿಕೆಗಳಿರಲಿ. ಒಂದು ತಳದವರೆಗೆ ಇಳಿದಿರುವುದು. ಇದರಿಂದ ಇಂಧನ ಪಂಪಿಗೆ, ಅಲ್ಲಿಂದ ವಿಮಾನದ ತೊಟ್ಟಿಗೆ ಹೋಗುವುದು. ಇನ್ನೊಂದು ಮುಚ್ಚಳದ ಕೆಳಗೆಯೇ ನಿಂತಿರುವುದು. ವಿಮಾನದ ತೊಟ್ಟಿಯ ಉಸಿರು ನಳಿಕೆಯಿಂದ ಹೊರಡುವ ಗಾಳಿಯನ್ನು ಇದು ಡಬ್ಬಿಗೆ ಹಿಂದಿರುಗಿಸುವುದು. ಡಬ್ಬಿಯಿಂದ ಎಷ್ಟು ದ್ರವ ಹೊರಟಿತೋ ಅಷ್ಟೇ ಗಾಳಿ ತೊಟ್ಟಿಯಿಂದ ಡಬ್ಬಿಗೆ ಬರುತ್ತದೆ. ಹೊರಗಿನ ತೇವದ ಗಾಳಿಗೆ ಪ್ರವೇಶವೇ ಇಲ್ಲ. ತೊಟ್ಟಿ ತುಂಬಿದ ಕೂಡಲೇ ಹಿಂದಿರುಗುವ ಪಾರದರ್ಶಕ ನಳಿಕೆಯಲ್ಲಿ ಇಂಧನ ಕಾಣಿಸಿಕೊಳ್ಳುತ್ತದೆ. ಅದು ನಿಲ್ಲಿಸಬೇಕೆಂಬ ಸೂಚನೆ. ತುಳುಕಿದ ಇಂಧನವೂ ನೆಲಕ್ಕೆ ಬೀಳದೆ ಡಬ್ಬಿಗೇ ಮರಳುತ್ತದೆ.

ಡಬ್ಬಿಯನ್ನು ಮಾಡುವ ರೀತಿ

ಒಂದು ಲೀಟರ್ ಹಿಡಿಸುವ, ಚಪ್ಪಟೆ ತಳದ, ತಿರುಪು ಮುಚ್ಚಳವುಳ್ಳ ದಪ್ಪ ಪ್ಲಾಸ್ಟಿಕ್ ಕ್ಯಾನನ್ನು ಆರಿಸಿಕೊಳ್ಳಿರಿ. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇದ್ದರೆ ಅದು ಅಧಿಕ ಸಾಂದ್ರತೆಯ ಪಾಲಿಎಥಿಲೀನ್. ಕುಡಿಯುವ ನೀರಿನ, ಶರಬತ್ತಿನ ಬಾಟಲಿಗಳನ್ನು ಎಂದಿಗೂ ಬಳಸಕೂಡದು. ಬಣ್ಣದ ನೀರಿನಂತೆ ತೋರುವ ಈ ವಿಷವನ್ನು ಬಾಯಾರಿದ ತಮ್ಮನೋ ತಂಗಿಯೋ ಎತ್ತಿ ಕುಡಿಯದಿರಲಿ ಎಂಬುದೇ ಇದರ ಕಾರಣ. ಡಬ್ಬಿಯ ಎರಡು ಮೈಗಳ ಮೇಲೂ ‘ವಿಷ - ಬೆಂಕಿಗೆ ಹೊತ್ತಿಕೊಳ್ಳುವ ದ್ರವ’ ಎಂದು ಅಳಿಸದಂತೆ ಕೆಂಪು ಬಣ್ಣದಲ್ಲಿ ಬರೆಯಿರಿ. ಓದಲು ಬಾರದವರಿಗಾಗಿ ತಲೆಬುರುಡೆಯ ಗುರುತೂ ಇರಲಿ.

ಮುಚ್ಚಳಕ್ಕೆ 30 ಮಿಲಿಮೀಟರ್ ವ್ಯಾಸದ ಎರಡು ಹಿತ್ತಾಳೆಯ ಬಿಲ್ಲೆಗಳನ್ನು ಕತ್ತರಿಸಿಕೊಳ್ಳಿರಿ. ಮುಚ್ಚಳ ಕಿರಿದಾಗಿದ್ದರೆ ಬಿಲ್ಲೆಯೂ ಅದಕ್ಕೆ ತಕ್ಕಂತಿರಲಿ. ಒಂದು ಬಿಲ್ಲೆ ಮುಚ್ಚಳದ ಮೇಲೆ, ಒಂದು ಕೆಳಗೆ. ಎರಡು ಬಿಲ್ಲೆಗಳನ್ನೂ ಮುಚ್ಚಳವನ್ನೂ ಒಟ್ಟಿಗೆ ಹಿಡಿದು ಮೂರು ತೂತುಗಳನ್ನು ಕೊರೆಯಿರಿ: ನಡುವೆ 3 ಮಿ.ಮೀ. ತಿರುಪಿಗೆ ಒಂದು, ಅಕ್ಕಪಕ್ಕದಲ್ಲಿ ನಳಿಕೆಗಳಿಗೆ ಎರಡು. ಹಿತ್ತಾಳೆ ನಳಿಕೆಯ ಹೊರವ್ಯಾಸ ಸಿಲಿಕೋನ್ ನಳಿಕೆಯ ಒಳವ್ಯಾಸಕ್ಕಿಂತ ಕೊಂಚ ಹೆಚ್ಚಾಗಿರಲಿ. ಹಾಗಾದರೆ ಸಿಲಿಕೋನು ಹಿಗ್ಗಿ ಬಿಗಿಯಾಗಿ ಕೂಡುತ್ತದೆ. ಎರಡು ನಳಿಕೆಗಳನ್ನೂ ಮೇಲಿನ ಬಿಲ್ಲೆಗೆ ಮಾತ್ರ ಸೀಸರಹಿತ ಬೆಸುಗೆಯಿಂದ ಬೆಸೆಯಿರಿ. ಈ ಕೆಲಸ ಮುಚ್ಚಳದಿಂದ ದೂರದಲ್ಲಿ ನಡೆಯಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಕರಗುವುದು. ಬಿಲ್ಲೆ ತಣ್ಣಗಾದ ಮೇಲೆ ಮುಚ್ಚಳದ ಮೇಲೂ ಕೆಳಗೂ ನಿಯೊಪ್ರೀನ್ ರಬ್ಬರಿನ ವಾಷರುಗಳನ್ನಿಟ್ಟು, ನಳಿಕೆಗಳನ್ನು ತೂರಿಸಿ, ಕೆಳಗಿನ ಬಿಲ್ಲೆಯನ್ನು ಸೇರಿಸಿ ನಡುವಿನ ತಿರುಪನ್ನು ಬಿಗಿಯಿರಿ. ವಾಷರುಗಳು ಅದುಮಿಕೊಂಡು ಎಲ್ಲ ಸಂದುಗಳನ್ನೂ ಮುಚ್ಚುತ್ತವೆ.

ಉದ್ದನೆಯ ನಳಿಕೆ ತಳದಿಂದ 5 ಮಿ.ಮೀ. ಮೇಲೆ ನಿಲ್ಲಬೇಕು, ತಳದ ಕಸ ಮೇಲೇರದಿರಲಿ. ಅದರ ತುದಿಗೆ ನಯವಾದ ಹಿತ್ತಾಳೆ ಜಾಲರಿಯ ಸೋಸುಕವನ್ನು ಸಿಕ್ಕಿಸಿರಿ. ಮಾದರಿ ಎಂಜಿನ್ನಿನ ಇಂಧನದ ದಾರಿ ಸೂಜಿಮೊನೆಯಷ್ಟು ಕಿರಿದು. ಒಂದು ಮರಳ ಕಣ ಅಲ್ಲಿ ಸಿಕ್ಕಿಕೊಂಡರೆ ವಿಮಾನ ಆಕಾಶದಲ್ಲಿಯೇ ಮೌನವಾಗುತ್ತದೆ.

ಕೈಪಂಪು

ಪೇಟೆಯಲ್ಲಿ ದೊರೆಯುವ ಕೈಪಂಪುಗಳಲ್ಲಿ ಹೆಚ್ಚಿನವು ಹಲ್ಲುಚಕ್ರದವು. ಇಂಧನ ಅವುಗಳಲ್ಲಿ ಚಕ್ರಗಳನ್ನೂ ಅಚ್ಚನ್ನೂ ತೊಳೆಯುತ್ತ ಹರಿಯುತ್ತದೆ. ಅಚ್ಚಿನ ಬಳಿ ಕಾಲಕ್ರಮದಲ್ಲಿ ಸೋರುವುದುಂಟು. ನಾವು ಮಾಡಬೇಕಾದ ಪಂಪಿನಲ್ಲಿ ಇಂಧನ ನಳಿಕೆಯೊಳಗನ್ನು ಬಿಟ್ಟು ಬೇರಾವುದನ್ನೂ ಮುಟ್ಟುವುದಿಲ್ಲ. ಅದರ ತತ್ತ್ವ ಹಾಲು ಕರೆಯುವ ಕೈಗೆ ಗೊತ್ತಿದೆ. ಕೆಚ್ಚಲ ಮೊಲೆಯನ್ನು ಮೇಲ್ಗಡೆ ಅದುಮಿ ಹಿಡಿದು, ಆ ಒತ್ತಡವನ್ನು ಕೆಳಗಿಳಿಸುತ್ತ ಬಂದರೆ ಒಳಗಿನ ಹಾಲು ಮುಂದಕ್ಕೆ ನೂಕಲ್ಪಡುತ್ತದೆ. ನಮ್ಮ ಕರುಳು ಆಹಾರವನ್ನು ಮುಂದೂಡುವುದೂ ಹೀಗೆಯೇ. ಮೆದುವಾದ ನಳಿಕೆಯೊಂದನ್ನು ಅರ್ಧವೃತ್ತಾಕಾರದ ಗೋಡೆಗೆ ಒರಗಿಸಿ, ತಿರುಗುವ ಉರುಳೆಗಳಿಂದ ಒತ್ತಿಸಿದರೆ ಪಂಪು ಸಿದ್ಧವಾಯಿತು. ಉರುಳೆಯ ಮುಂದಿನ ದ್ರವ ಮುಂದಕ್ಕೆ ಸಾಗುತ್ತದೆ. ಹಿಂದೆ ನಳಿಕೆ ಮತ್ತೆ ಅರಳುವಾಗ ಹೊಸ ದ್ರವವನ್ನು ಎಳೆದುಕೊಳ್ಳುತ್ತದೆ. ಕವಾಟಗಳ ಅಗತ್ಯವೇ ಇಲ್ಲ.

ಇದಕ್ಕೆ ಬೇಕಾದುದು 30 ಮಿ.ಮೀ. ದಪ್ಪದ ತೇಗದ ತುಂಡು, ಉದ್ದ 100 ಮಿ.ಮೀ., ಅಗಲ 90 ಮಿ.ಮೀ. ಇದರಲ್ಲಿ 60 ಮಿ.ಮೀ. ವ್ಯಾಸದ ಗುಂಡನೆಯ ರಂಧ್ರವನ್ನು ನಯವಾಗಿ ಕೊರೆದು, ರಂಧ್ರದ ಎರಡು ಬದಿಗಳಿಂದ ಕೆಳಗಿನ ಅಂಚಿನವರೆಗೆ ನೇರವಾಗಿ ಗರಗಸದಿಂದ ಕೊಯ್ದು ತೆಗೆದರೆ, ತಲೆಕೆಳಗಾಗಿಟ್ಟ ಲಾಳದ ಆಕಾರ ಬರುತ್ತದೆ. ಮೇಲಿನ ಅರ್ಧವೃತ್ತವೇ ನಳಿಕೆಯ ಹಾದಿ. ನಳಿಕೆ ಒಳವ್ಯಾಸ 4 ಮಿ.ಮೀ., ಗೋಡೆಯ ದಪ್ಪ ಒಂದೂವರೆ ಮಿ.ಮೀ. ಇರುವ ಸಿಲಿಕೋನಿನದು, ಹೊರವ್ಯಾಸ 7 ಮಿ.ಮೀ. ಆಯಿತು.

ಉರುಳೆಗಳು ಮೂರು. ಪ್ರತಿಯೊಂದಕ್ಕೂ 13 ಮಿ.ಮೀ. ವ್ಯಾಸ, 5 ಮಿ.ಮೀ. ಅಗಲದ ಎರಡು ಪುಟ್ಟ ಬಾಲ್ ಬೇರಿಂಗುಗಳನ್ನು ಜೊತೆಯಾಗಿ ಬಳಸಬಹುದು, 10 ಮಿ.ಮೀ. ಅಗಲದ ಉರುಳೆ ದೊರೆಯಿತು. 50 ಮಿ.ಮೀ. ವ್ಯಾಸದ ಎರಡು ಅಲ್ಯೂಮಿನಿಯಮ್ ತಟ್ಟೆಗಳ ನಡುವೆ, 4 ಮಿ.ಮೀ. ಬೋಲ್ಟುಗಳ ಮೇಲೆ, ಉರುಳೆಗಳನ್ನು ಸಮಾನ ಅಂತರದಲ್ಲಿ ಕೂರಿಸಿರಿ. ಅಲ್ಯೂಮಿನಿಯಮ್ಮಿಗೂ ಮೆಥನಾಲಿಗೂ ಆಗದಲ್ಲ ಎಂಬ ಸಂದೇಹ ಬೇಡ. ಇಲ್ಲಿ ಅವು ಒಂದನ್ನೊಂದು ಮುಟ್ಟುವುದಿಲ್ಲ. ತಟ್ಟೆಗಳ ನಡುವೆ 6 ಮಿ.ಮೀ. ತಿರುಪು ಸರಳನ್ನು ತೂರಿಸಿ ಎರಡೂ ಕಡೆ ನಟ್ಟುಗಳಿಂದ ಬಿಗಿದರೆ ಅದೇ ಅಚ್ಚು. ಮುಂದೆಯೂ ಹಿಂದೆಯೂ ಪ್ಲೈವುಡ್ ಹಲಗೆಗಳನ್ನು ಮುಚ್ಚಿ, ಅವುಗಳಲ್ಲಿ ಅಚ್ಚಿಗೆ ತೂತು ಮಾಡಿ, ಹೊರಗೆ ಒಂದು ಹಿಡಿಯನ್ನು ಸಿಕ್ಕಿಸಿರಿ.

ಇಲ್ಲಿ ಅತಿ ಮುಖ್ಯವಾದ ಅಳತೆ ಒಂದೇ: ಉರುಳೆಗೂ ಮರದ ಗೋಡೆಗೂ ನಡುವಣ ಸಂದು. ನಳಿಕೆಯ ಎರಡು ಗೋಡೆಗಳು ಸೇರಿ 3 ಮಿ.ಮೀ. ದಪ್ಪ. ಸಂದು 3 ಮಿ.ಮೀ. ಇದ್ದರೆ ಗೋಡೆಗಳು ಮುಟ್ಟುತ್ತವೆ ಅಷ್ಟೆ, ಇಂಧನ ನುಸುಳಿ ಹಿಂದೆ ಸರಿಯುತ್ತದೆ. ಸಂದು 2 ಮಿ.ಮೀ. ಆದರೆ ಹಿಡಿ ತಿರುಗಿಸುವುದು ಕಷ್ಟ, ನಳಿಕೆ ಬೇಗ ಸವೆಯುತ್ತದೆ. ಸುಮಾರು 2.6 ಮಿ.ಮೀ. ಸರಿಯಾದುದು. ಅಚ್ಚಿನ ನಡುವಿನಿಂದ ಗೋಡೆಗೆ 30 ಮಿ.ಮೀ. ಇರುವುದರಿಂದ ಉರುಳೆಯ ಹೊರ ಅಂಚು 27.4 ಮಿ.ಮೀ. ದೂರದಲ್ಲಿರಬೇಕು, ಉರುಳೆಯ ತ್ರಿಜ್ಯ 6.5 ಮಿ.ಮೀ. ಕಳೆದರೆ ಬೋಲ್ಟುಗಳ ತೂತು ನಡುವಿನಿಂದ 20.9 ಮಿ.ಮೀ. ದೂರದಲ್ಲಿ ಬೀಳಬೇಕೆಂದಾಯಿತು. ಕೊರೆಯುವ ಮೊದಲು ಮೂರು ಬಾರಿ ಅಳೆಯಿರಿ. ನಳಿಕೆ ಉರುಳೆಗಳ ಜೊತೆಗೆ ತೆವಳಿ ಹೋಗದಂತೆ ಲಾಳದ ಎರಡು ಕಾಲುಗಳ ಬಳಿಯೂ ಅದನ್ನು ಹಗುರವಾದ ಪಟ್ಟಿಯಿಂದ ಹಿಡಿಸಿರಿ. ಹೊರಮೈಗೆ ಒಂದೆರಡು ತೊಟ್ಟು ಹರಳೆಣ್ಣೆ ಸವರಿದರೆ ಉರುಳೆಗಳು ಸಲೀಸಾಗಿ ಜಾರುತ್ತವೆ.

ಉರುಳೆಗಳು ಮೂರು, ಹಾದಿ ಅರ್ಧವೃತ್ತ. ಆದುದರಿಂದ ಯಾವ ಕ್ಷಣದಲ್ಲಿಯೂ ಒಂದು ಉರುಳೆಯಾದರೂ ನಳಿಕೆಯನ್ನು ಒತ್ತಿ ಹಿಡಿದಿರುತ್ತದೆ. ಇದರ ಪ್ರಯೋಜನ ದೊಡ್ಡದು. ಡಬ್ಬಿ ಮೇಜಿನ ಮೇಲಿದ್ದು ವಿಮಾನ ನೆಲದ ಮೇಲಿದ್ದರೆ, ಒಮ್ಮೆ ಹರಿಯತೊಡಗಿದ ದ್ರವ ತಾನಾಗಿಯೇ ಕೆಳಕ್ಕೆ ಹರಿಯುತ್ತಲೇ ಇರಬಹುದು. ನಮ್ಮ ಪಂಪಿನಲ್ಲಿ ಕೈ ನಿಂತರೆ ಹರಿವೂ ನಿಲ್ಲುತ್ತದೆ. ಇಂಡಿಯಾನಾಪೊಲಿಸಿನ ಕೊಳವೆಗೆ ಅವಘಡದ ಬಳಿಕ ಬಂದ ಕವಾಟದ ಗುಣದಲ್ಲಿ ಒಂದು ಪಾಲು ಇದರಲ್ಲಿ ಹುಟ್ಟಿನಿಂದಲೇ ಇದೆ.

ನೀರಿನಿಂದ ಪರೀಕ್ಷೆ

ಮೊದಲ ಪರೀಕ್ಷೆ ನೀರಿನಲ್ಲಿಯೇ ಆಗತಕ್ಕದ್ದು. ಒಂದು ಸುತ್ತಿಗೆ ಎಷ್ಟು ದ್ರವ ಬರಬೇಕೆಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಬಹುದು. ನಳಿಕೆಯ ನಡುರೇಖೆಯ ತ್ರಿಜ್ಯ 26.5 ಮಿ.ಮೀ.; ಪೂರ್ಣ ವೃತ್ತದ ಸುತ್ತಳತೆ ಸುಮಾರು 166 ಮಿ.ಮೀ. ನಳಿಕೆಯ ಒಳಗಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 12.6 ಚದರ ಮಿ.ಮೀ. ಇವೆರಡನ್ನು ಗುಣಿಸಿದರೆ ಒಂದು ಸುತ್ತಿಗೆ 2.1 ಮಿಲಿಲೀಟರ್. ಆದರೆ ಉರುಳೆಗಳು ಒತ್ತಿದ ಕಡೆ ನಳಿಕೆಯಲ್ಲಿ ದ್ರವಕ್ಕೆ ಸ್ಥಳವಿಲ್ಲ. ಅದನ್ನು ಕಳೆದರೆ ಒಂದೂವರೆ ಮಿಲಿಲೀಟರಿನಷ್ಟನ್ನು ನಿರೀಕ್ಷಿಸಬಹುದು. ಪ್ರಯೋಗಶಾಲೆಯ ಅಳತೆಗೊಳವೆಯೊಳಕ್ಕೆ 20 ಸುತ್ತು ಪಂಪು ಮಾಡಿ ಅಳೆಯಿರಿ. ಮೂರು ಬಾರಿ ಮಾಡಿ ಸರಾಸರಿ ತೆಗೆಯಿರಿ. 30 ಮಿಲಿಲೀಟರಿನ ಆಸುಪಾಸಿನಲ್ಲಿದ್ದರೆ ಕೆಲಸ ಚೆನ್ನಾಗಿದೆ. ಬಹಳ ಕಡಮೆ ಬಂದರೆ ಸಂದು ಹೆಚ್ಚಾಗಿದೆಯೆಂದು ತಿಳಿಯಬೇಕು. ಗೋಡೆಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಂಟಿಸಿ ಸರಿಪಡಿಸಬಹುದು. ಎರಡೂವರೆ ಘನ ಸೆಂಟಿಮೀಟರಿನ ಎಂಜಿನ್ನುಳ್ಳ ವಿಮಾನಕ್ಕೆ 120 ಮಿಲಿಲೀಟರಿನ ತೊಟ್ಟಿ ಇದ್ದರೆ ಸುಮಾರು 80 ಸುತ್ತುಗಳು, ಎಂದರೆ ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಕಾಲ ಸಾಕು.

ಬಳಿಕ ಡಬ್ಬಿಯನ್ನು ಮುಚ್ಚಿ ಬುಡಮೇಲು ಮಾಡಿ, ಕಾಗದದ ಮೇಲೆ ಒಂದು ರಾತ್ರಿ ಇಡಿರಿ. ಕಾಗದ ಒದ್ದೆಯಾಗಿರಬಾರದು. ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸಬೇಕು. ನೀರಿನಿಂದ ಪರೀಕ್ಷಿಸಿ, ಆ ನೀರನ್ನೇ ಇಂಧನಕ್ಕೆ ಉಣಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಮೈದಾನದಲ್ಲಿ

ಡಬ್ಬಿಯನ್ನೂ ಪಂಪನ್ನೂ ಹಿಡಿಯುಳ್ಳ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಅಲುಗಾಡದಂತೆ ಪಟ್ಟಿ ಕಟ್ಟಿರಿ. ಗ್ಲೋ ಪ್ಲಗ್ಗಿನ ವಿದ್ಯುತ್ಕೋಶಕ್ಕೆ ಈ ಪೆಟ್ಟಿಗೆಯಲ್ಲಿ ಸ್ಥಳವಿಲ್ಲ. ತಂತಿಯ ತುದಿಗಳು ತಾಗಿ ಹಾರುವ ಒಂದು ಕಿಡಿ ಸಾಕು. ಅದು ಬೇರೊಂದು ಚೀಲದಲ್ಲಿರಲಿ. ಪ್ರಯಾಣದ ಕಾಲದಲ್ಲಿ ಹೋಗುವ ನಳಿಕೆ, ಬರುವ ನಳಿಕೆಗಳ ತುದಿಗಳನ್ನು ಗಿಡ್ಡದಾದ ಹಿತ್ತಾಳೆ ನಳಿಕೆಯಿಂದ ಒಂದಕ್ಕೊಂದು ಜೋಡಿಸಿಬಿಡಿ. ಸುತ್ತು ಪೂರ್ಣವಾಯಿತು, ಕಳೆದುಹೋಗುವ ಬಿರಡೆಗಳ ಗೋಜಿಲ್ಲ.

ಡಬ್ಬಿ ನೆರಳಿನಲ್ಲಿರಬೇಕು. 20 ಡಿಗ್ರಿಯಲ್ಲಿ ಮೆಥನಾಲಿನ ಆವಿಯ ಒತ್ತಡ ಪಾದರಸದ ಸುಮಾರು 97 ಮಿ.ಮೀ.; 40 ಡಿಗ್ರಿಯಲ್ಲಿ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಬಿಸಿಲಿನಲ್ಲಿಟ್ಟ ಡಬ್ಬಿ ಉಬ್ಬಿಕೊಳ್ಳುವುದು ಇದರಿಂದಲೇ. ತುಂಬುವ ಮೊದಲು ಮುಚ್ಚಳದ ಮೇಲೆ ಬಟ್ಟೆ ಹಾಕಿ, ಮುಖವನ್ನು ದೂರ ಹಿಡಿದು, ತಿರುಪನ್ನು ನಿಧಾನವಾಗಿ ಸಡಿಲಿಸಿ ಒತ್ತಡವನ್ನು ಬಿಡಿಸಿ ಮತ್ತೆ ಬಿಗಿಯಿರಿ.

ಎಂಜಿನ್ನಿಗೆ ಹೋಗುವ ನಳಿಕೆಯನ್ನು ಕಾರ್ಬ್ಯುರೇಟರಿನಿಂದ ಬಿಡಿಸಿ, ಅದರ ಮೂಲಕವೇ ತೊಟ್ಟಿಯನ್ನು ತುಂಬಬೇಕು. ಬಿಡಿಸದೆ ತುಂಬಿದರೆ ಇಂಧನ ಎಂಜಿನ್ನಿನೊಳಗೆ ನುಗ್ಗಿ ಪಿಸ್ಟನಿನ ಮೇಲೆ ನಿಲ್ಲಬಹುದು. ಅನಿಲವನ್ನು ಅದುಮಬಹುದು, ದ್ರವವನ್ನು ಅದುಮಲಾಗದು; ಆ ಸ್ಥಿತಿಯಲ್ಲಿ ಎಂಜಿನ್ನನ್ನು ಬಲವಾಗಿ ತಿರುಗಿಸಿದರೆ ಪಿಸ್ಟನನ್ನು ಹಿಡಿದಿರುವ ದಂಡವೇ ಬಾಗುತ್ತದೆ. ದಿನದ ಹಾರಾಟ ಮುಗಿದ ಮೇಲೆ ತೊಟ್ಟಿಯಲ್ಲಿ ಉಳಿದುದನ್ನು ಅಲ್ಲಿಯೇ ಬಿಡಬಾರದು. ಹಿಡಿಯನ್ನು ಹಿಂದುಮುಂದಾಗಿ ತಿರುಗಿಸಿದರೆ ಇದೇ ಪಂಪು ಅದನ್ನು ಹೊರಗೆಳೆಯುತ್ತದೆ. ಆದರೆ ಅದನ್ನು ಡಬ್ಬಿಗೆ ಮರಳಿಸಿದರೆ, ಸೋಸುಕ ಹಿಡಿದಿಟ್ಟ ಕಸ ಹಿಮ್ಮುಖ ಹರಿವಿನಿಂದ ತೊಳೆದುಹೋಗಿ ಮತ್ತೆ ಇಂಧನವನ್ನೇ ಸೇರುತ್ತದೆ. ಆದುದರಿಂದ ಪಂಪನ್ನು ಡಬ್ಬಿಯಿಂದ ಬಿಡಿಸಿ, ಉಳಿದುದನ್ನು ಗುರುತು ಬರೆದ ಬೇರೊಂದು ಬಾಟಲಿಗೆ ತೆಗೆಯುವುದು ಲೇಸು.

ವಿದ್ಯಾರ್ಥಿಗಳು ಇಂಧನವನ್ನು ಸ್ವತಃ ಬೆರೆಸಲು ಹೋಗದೆ ಸಿದ್ಧ ಮಿಶ್ರಣವನ್ನೇ ಕೊಳ್ಳಬೇಕು. ಅಧ್ಯಾಪಕರೋ ಹಿರಿಯರೋ ಬಳಿಯಲ್ಲಿರುವಾಗಲೇ ತುಂಬಬೇಕು. ನೈಟ್ರೈಲ್ ಕೈಗವುಸು ಇರಲಿ. ಬೆಂಕಿ ಆರಿಸುವ ಉಪಕರಣವೂ ಒದ್ದೆ ಗೋಣಿಚೀಲವೂ ಕೈಗೆಟುಕುವಂತಿರಲಿ. ಎಲ್ಲಿಯಾದರೂ ಗಾಳಿ ಕಾದ ಕಾವಲಿಯ ಮೇಲಿನಂತೆ ನಡುಗುತ್ತಿರುವುದು ಕಂಡರೆ, ಜ್ವಾಲೆ ಕಾಣದಿದ್ದರೂ ಬೆಂಕಿ ಇದೆಯೆಂದೇ ಭಾವಿಸಿ ದೂರ ಸರಿಯಬೇಕು.

ಈ ಪಂಪನ್ನು ಪೆಟ್ರೋಲಿನ ಎಂಜಿನ್ನುಗಳಿಗೆ ಬಳಸಕೂಡದು. ಪೆಟ್ರೋಲು ಸಿಲಿಕೋನನ್ನು ಊದಿಸಿ ಮೆತ್ತಗಾಗಿಸುತ್ತದೆ. ಅದಕ್ಕೆ ತಕ್ಕ ನಳಿಕೆಗಳೇ ಬೇರೆ. ಡಬ್ಬಿಯ ಹಾಗೂ ನಳಿಕೆಯ ಆಯ್ಕೆ ಯಾವಾಗಲೂ ದ್ರವವನ್ನು ಅನುಸರಿಸಿಯೇ ಆಗತಕ್ಕದ್ದು ಎಂಬುದಕ್ಕೆ ಇದೂ ಒಂದು ನಿದರ್ಶನ.

ಇಂದು ಅನೇಕ ಮಾದರಿ ವಿಮಾನಗಳು ಲಿಥಿಯಮ್ ವಿದ್ಯುತ್ಕೋಶಗಳಿಂದ ಹಾರುತ್ತವೆ. ಅವುಗಳಿಗೆ ಡಬ್ಬಿಯೂ ಬೇಡ, ಪಂಪೂ ಬೇಡ. ಆದರೂ ಎಂಜಿನ್ನಿನ ಸದ್ದಿಗೆ, ಸುಟ್ಟ ಹರಳೆಣ್ಣೆಯ ವಾಸನೆಗೆ ಮನಸೋತವರು ಇನ್ನೂ ಇದ್ದಾರೆ. ಅಂಥವರ ಕೈಯಲ್ಲಿ ಈ ಪುಟ್ಟ ಪೆಟ್ಟಿಗೆ ಇರಲಿ. ಕಣ್ಣಿಗೆ ಕಾಣದ ಅಪಾಯವನ್ನು ಕಣ್ಣಿನಿಂದ ತಡೆಯಲಾಗದು. ಮುಂಚಿತವಾಗಿ ಯೋಚಿಸಿ ಕಟ್ಟಿದ ಮುಚ್ಚಳ, ನಳಿಕೆ, ಉರುಳೆಗಳಿಂದ ತಡೆಯಬಹುದು.